ಬಲಗೊಂಬಿನ ಇರುವೆಗಳು

ಆ ದಿನಗಳಲ್ಲಿ ನಮ್ಮೂರಿನ ಜನ ಹೆಣ್ಣು ಕೊಡುವ ಮೊದಲು, ಬಾವಿ ತೋಡಿಸುವ ಮೊದಲು ಬಸವಣ್ಣನನ್ನು ಕೇಳುತ್ತಿದ್ದರು. ಕುಂದಗೋಳದ ಕಡೆಯ ಎರೆಭೂಮಿಯ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲಿನ ಬಸವಣ್ಣನ ಎರಡೂ ಕೊಂಬಿನ ಬುಡಕ್ಕೆ ಒಂದೊಂದು ಹೂವು ಹಚ್ಚಿ ಎದುರಿಗೆ ಕೂಡುವುದು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಇದಕ್ಕೆ ಪ್ರಸಾದ ಕೇಳುವುದು ಅನ್ನುತ್ತಿದ್ದರು. ನಮ್ಮ ಗುಡಿಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹೂವು ಹಚ್ಚುವವರು ಸಣ್ಣ ಮಕ್ಕಳೇ ಆಗಬೇಕು, ಯಾಕೆಂದರೆ ಮಕ್ಕಳ ಮನಸ್ಸಿನಲ್ಲಿ ಕಪಟ ಇರುವುದಿಲ್ಲವಂತೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದಕ್ಕೆ ನಾನೇ ಸಾಕ್ಷಿ.

ನನಗಾಗ ಹತ್ತು ವರ್ಷ. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಗೆದ್ದ ಸ್ಟೀಲ್ ತಾಟಿನಲ್ಲೇ ಊಟ ಮಾಡುತ್ತಿದ್ದೆ, ಯಾರಾದರೂ ಮಾತಿಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಹೆಚ್ಚಾಗಿ ಸಿಗುತ್ತಿದ್ದವಳು ನಮ್ಮಾಯಿ, ಅಪ್ಪನ ತಾಯಿ.

"ಆಯೀ, ಬಸವಣ್ಣ ಕಲ್ಲು ಅಲ್ಲನಬೇ? ಕಲ್ಲಿಗೆ ಹೆಂಗ ಕೇಳಸ್ತೈತಿ?"

"ಕಣ್ಣ ಕಾಣಂಗಿಲ್ಲೇನ ನಿನಗ? ಅಷ್ಟಗಲ ಎರಡ ಕಿವಿ ಅದಾವು. ನಿನ್ನ ಕಿವಿಕಿಂತ ದೊಡ್ಡವು. ನಾ ದನಾ ಕಟ್ಟು ಅಂದದ್ದು ನಿನಗ ಕೇಳಸ್ತೈತೇನು? ಮದ್ಲ ಅದನ್ನ ಹೇಳು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಗುತ್ತಿದ್ದಳು. ನಾನು ಸೋತಾಗಲೆಲ್ಲ ಅವಳಿಗೆ ಬಹಳ ಸಂತೋಷ.

ಆ ವರ್ಷದ ಶ್ರಾವಣದಲ್ಲಿ ಅವಳ ನಗು ಕಡಿಮೆಯಾಗಿತ್ತು. ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಬಗ್ಗಿ ಕೂಡುತ್ತಿದ್ದಳು. ಅಪ್ಪ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದ. ಹೊಟ್ಟೆಯಲ್ಲಿ ಗಡ್ಡೆ ಇದೆ, ತಡಮಾಡದೆ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಆಗಲಿ ಎಂದು ಬಂದಿದ್ದ. ಆಯಿ ಮಾತ್ರ ಒಪ್ಪಲಿಲ್ಲ.

"ಹೊಟ್ಟಿ ಕೊಯ್ಯೂ ಮಾತದು. ದೇವರನ್ನ ಕೇಳದ ಮಾಡಿದ್ರ ನಾ ಅನ್ನಾ ಮುಟ್ಟಂಗಿಲ್ಲ ನೋಡು."

"ಆತವ್ವಾ, ಕೇಳೂಣು. ಪಂಚಮಿ ಮುಗೀಲಿ, ಸೋಮವಾರ ಕೇಳೂಣು," ಎಂದ ಅಪ್ಪ. ಅವನು ಜಗಳ ಬೇಡ ಎನ್ನುವ ಮನುಷ್ಯ.

ನನಗೆ ಆಪರೇಷನ್ ಎಂದರೆ ಗೊತ್ತಿದ್ದದ್ದು ಒಂದೇ. ಬಾಜೂ ಮನೆಯ ಗಂಗಕ್ಕ ಹಿಂದಿನ ವರ್ಷ ಹುಬ್ಬಳ್ಳಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೈಬೀಸಿ ಹೋಗಿದ್ದಳು, ಬರುವಾಗ ಬಿಳಿ ಗಾಡಿಯಲ್ಲಿ ಮಲಗಿ ಬಂದಳು. ಅವಳ ಮಗಳು ನನ್ನ ಕ್ಲಾಸಿನವಳು. ಆ ಹುಡುಗಿಯ ಜಡೆ ಆಮೇಲೆ ಎಂದೂ ನೆಟ್ಟಗೆ ಹೆಣೆದಿರಲಿಲ್ಲ.

ನಾಗರ ಪಂಚಮಿ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಅಂಗಳದ ಎರೆಮಣ್ಣು ಕಾಲಿಗೆ ಮೆತ್ತಿ ಚಪ್ಪಲಿಗಿಂತ ಭಾರವಾಗುತ್ತಿತ್ತು. ಜೋಳದ ಅಳ್ಳು ಹುರಿಯುವ ವಾಸನೆ ಓಣಿಯ ತುಂಬ. ಅವ್ವ ನೋವಿನಲ್ಲೂ ಉಂಡಿ ಕಟ್ಟಿದಳು. ಶೇಂಗಾ ಉಂಡಿ, ಎಳ್ಳುಂಡಿ. ಬೆಲ್ಲದ ಪಾಕ ಕುದಿಯುವಾಗ ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

"ಪಾಕ ಬಂದೈತಿ ನೋಡು. ಈಗ ಏನ ಹಚ್ಚಿದರೂ ಬಿಡಂಗಿಲ್ಲ ಇದು."

ನನ್ನ ತಲೆಯಲ್ಲಿ ಉಪಾಯ ಹುಟ್ಟಿದ್ದು ಆಗಲೇ.

ಗುಡಿಗೆ ದಿನಾ ಕಣಗಲ ಹೂವು ಹೋಗುತ್ತಿದ್ದದ್ದು ನಮ್ಮ ಹಿತ್ತಿಲಿನಿಂದ, ಒಯ್ಯುವವಳು ನಾನು. ಹೂವು ಯಾಕೆ ಬೀಳುತ್ತದೆ ಎಂದು ಎಷ್ಟೋ ಸಲ ನೋಡಿದ್ದೆ. ನೀರು ಆರಿದರೆ ಬೀಳುತ್ತದೆ, ಅಷ್ಟೇ. ಹಿತ್ತಿಲಿನ ಒಳ್ಳುಕಲ್ಲಿನ ಮೇಲೆ ಹಚ್ಚಿ ಪರೀಕ್ಷೆಯನ್ನೂ ಮಾಡಿದೆ. ಬರೀ ನೀರಿನಲ್ಲಿ ಅದ್ದಿದ ಹೂವು ಸ್ವಲ್ಪ ಹೊತ್ತಿಗೇ ಜಾರಿತು. ಪಾಕ ಹಚ್ಚಿದ್ದು ಮಧ್ಯಾಹ್ನದ ತನಕ ಅಲುಗಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಾನು ಕೇವಲ ಮೋಸ ಮಾಡಲು ಹೊರಟವಳಲ್ಲ. ಎದುರಾಳಿಗೆ ಉತ್ತರ ಕೊಡಲು ಅವಕಾಶ ಬಿಡಬೇಕೆಂದು ನಮ್ಮ ಮಾಸ್ತರರು ಕಲಿಸಿದ್ದರು. ನಾನೂ ಬಿಟ್ಟೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಗುಡಿಗೆ ಹೋದೆವು. ವಿಭೂತಿ, ಕರ್ಪೂರ, ಎಣ್ಣೆಯ ಜಿಡ್ಡಿನ ವಾಸನೆ. ಪೂಜೆ ಮಾಡುವ ಅಯ್ಯನವರು ಬಸವಣ್ಣನ ಮೈ ಒರೆಸಿ ನನ್ನನ್ನು ಕರೆದರು. "ಬಾರವ್ವಾ ಭಾಷಣದಾಕಿ. ಇಲ್ಲಿ ಬಾಯಿ ಮುಚಗೊಂಡ ಹೂವು ಹಚ್ಚು, ಅಷ್ಟ ಸಾಕು."

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನಾನು ಎಡಗಡೆಯ ಹೂವನ್ನು ನೀರಿನಲ್ಲಿ ಅದ್ದಿ ಹಚ್ಚಿದೆ. ಬಲಗಡೆಯ ಹೂವಿನ ಬುಡಕ್ಕೆ ಎಲೆಯಲ್ಲಿ ಸುತ್ತಿ ತಂದಿದ್ದ ಪಾಕ ಮೆತ್ತಿದ್ದೆ, ಒತ್ತಿ ಹಚ್ಚಿದೆ. ಆಮೇಲೆ ಬಗ್ಗಿ, ಊರವರೆಲ್ಲ ತಮ್ಮ ಕಷ್ಟ ಹೇಳಿಕೊಳ್ಳುವ ಆ ಬಲಗಿವಿಯಲ್ಲಿ ಪಿಸುಗುಟ್ಟಿದೆ: "ನಾ ಬೆಲ್ಲದ ಪಾಕ ಹಚ್ಚೀನಿ. ನೀ ಖರೇನ ಇದ್ರ, ಆಪರೇಷನ್ ಆದ್ರ ಅವ್ವ ಉಳೀತಿದ್ರ, ಬಲಗಡಿದ ಕೆಡವು. ಪಾಕ ಇದ್ರೂ ಕೆಡವು."

"ಏನ ಹೇಳಿದಿಬೇ ಅಷ್ಟೊತ್ತು?" ಎಂದಳು ಆಯಿ.

"ಅವ್ವಗ ಚಲೋ ಆಗ್ಲಿ ಅಂದೆ."

"ಶಾಣ್ಯಾಕಿ," ಎಂದು ಆಯಿ ತಲೆ ನೇವರಿಸಿದಳು.

ಕೂತೆವು. ಅಯ್ಯನವರು ಪ್ರಶ್ನೆ ಕೇಳಿ ಗಂಟೆ ಬಾರಿಸಿದರು. ಅಪ್ಪ ಕಣ್ಣು ಮುಚ್ಚಿದ್ದ. ಆಯಿಯ ತುಟಿ ಅಲುಗುತ್ತಿತ್ತು. ಆ ಹೊತ್ತಿನಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು. ಬಲಗಡೆಯ ಹೂವನ್ನೇ ದಿಟ್ಟಿಸಿದೆ. ಬೀಳು, ಬೀಳು ಎಂದು ಅರ್ಧ ಮನಸ್ಸು, ಬೀಳಬೇಡ ಎಂದು ಇನ್ನರ್ಧ. ಅಷ್ಟು ಗಟ್ಟಿಯಾಗಿ ಜೀವನದಲ್ಲಿ ಮತ್ತೆಂದೂ ನಾನು ಯಾರನ್ನೂ ಬೇಡಿಕೊಂಡಿಲ್ಲ.

ಎಡಗಡೆಯ ಹೂವು ಬಿತ್ತು.

"ಬ್ಯಾಡ ಅಂತಾನ್ರಿ," ಎಂದರು ಅಯ್ಯನವರು. "ದೀಪಾವಳಿ ಆದಮ್ಯಾಲ ಮತ್ತೊಮ್ಮೆ ಕೇಳೂಣು."

ಅವ್ವ ಎದ್ದು ಬಸವಣ್ಣನ ಹತ್ತಿರ ಹೋಗಿ ಕೈಮುಗಿದಳು. ಸ್ವಲ್ಪ ಹೆಚ್ಚು ಹೊತ್ತೇ ನಿಂತಿದ್ದಳು. ತಿರುಗಿ ಬಂದವಳು ನನ್ನ ಕೈ ಹಿಡಿದುಕೊಂಡಳು. "ನಡೀರಿ, ಮನಿಗೆ ಹೋಗೂಣು. ಉಂಡಿ ಹಂಗ ಅದಾವು," ಎಂದಳು.

ಆ ದಿನ ನಾನು ಜೋಕಾಲಿಯಲ್ಲಿ ಕೂತು ಆಕಾಶ ಮುಟ್ಟುವಷ್ಟು ಜೀಕಿದೆ. ಅವ್ವ ಎಲ್ಲಿಗೂ ಹೋಗುವುದಿಲ್ಲ. ಮೇಲಾಗಿ ವಾದದಲ್ಲೂ ನಾನೇ ಗೆದ್ದಿದ್ದೆ.

ದೀಪಾವಳಿಯ ತನಕ ಯಾರೂ ಕಾಯಬೇಕಾಗಲಿಲ್ಲ. ದಸರೆಯ ಹೊತ್ತಿಗೆ ಅವ್ವನ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಗ ಯಾವ ದೇವರನ್ನೂ ಕೇಳದೆ ಅಪ್ಪ ಹುಬ್ಬಳ್ಳಿಗೆ ಒಯ್ದ. ಶ್ರಾವಣದಲ್ಲೇ ಬಂದಿದ್ದರೆ ನೋಡಬಹುದಿತ್ತು ಎಂದರಂತೆ ಡಾಕ್ಟರು. ಅಪ್ಪ ಅದನ್ನು ಮನೆಯಲ್ಲಿ ಒಂದೇ ಸಲ ಹೇಳಿದ, ಗೋಡೆಯ ಕಡೆ ಮುಖ ಮಾಡಿ.

ಅವ್ವ ಕೊನೆಕೊನೆಗೆ ಪಡಸಾಲೆಯಲ್ಲಿ ಮಲಗಿರುತ್ತಿದ್ದಳು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಹತ್ತಿರ ಕರೆದು, ಮಲಗಿದಲ್ಲಿಂದಲೇ ನನ್ನ ಜಡೆ ಬಿಚ್ಚತೊಡಗಿದಳು.

"ಆವತ್ತ ಬಸವಣ್ಣನ ಬಲಗೊಂಬಿಗೆ ಇರಿವಿ ಹತ್ತಿದ್ದವು," ಎಂದಳು.

ನಾನು ತಿರುಗಿ ನೋಡಹೋದೆ, ಅವಳು ಜಡೆ ಬಿಡಲಿಲ್ಲ.

"ಕಣಗಲ ಹೂವಿಗೆ ಇರಿವಿ ಹತ್ತಂಗಿಲ್ಲಲೇ, ಹುಚ್ಚಿ. ಬೆಲ್ಲಕ್ಕ ಹತ್ತತಾವು."

"ಮತ್ತ... ಮತ್ತ ಯಾಕ ಹೇಳಲಿಲ್ಲಬೇ?"

ಅವ್ವ ಬಾಚಣಿಗೆಯಿಂದ ಒಂದು ಸಿಕ್ಕು ಬಿಡಿಸಿದಳು. "ನನಗೂ ಅಂಜಿಕಿ ಇತ್ತು. ನೀ ಬ್ಯಾಡ ಅಂದಿ, ಅಷ್ಟ ಸಾಕಾತು ನನಗ." ಆಮೇಲೆ ಹೇಳಿದಳು: "ನಿಮ್ಮಪ್ಪಗ ಹೇಳಬ್ಯಾಡ ಮತ್ತ. ತಡಕೊಳ್ಳಂಗಿಲ್ಲ ಅಂವ."

ಸಂಕ್ರಾಂತಿಗೆ ಅವಳಿರಲಿಲ್ಲ.

ಈಗ ನಾನು ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಫಲಕಗಳು ಮನೆಯ ಕಪಾಟಿನಲ್ಲಿ ಹಿಡಿಯುವುದಿಲ್ಲ. ಪ್ರಾರ್ಥನೆಗೆ ಫಲವಿದೆಯೇ ಎಂಬ ವಿಷಯದ ಮೇಲೆ ಮೂರು ಸಲ ಮಾತಾಡಿದ್ದೇನೆ, ಮೂರೂ ಸಲ ಇಲ್ಲ ಎಂದು ವಾದಿಸಿ ಗೆದ್ದಿದ್ದೇನೆ. ಒಮ್ಮೆ ಎದುರಾಳಿ ಹುಡುಗನೊಬ್ಬ ನನ್ನನ್ನು ಕೇಳಿದ: "ನೀವು ಎಂದಾದರೂ ಮನಸಾರೆ ಪ್ರಾರ್ಥಿಸಿ ನೋಡಿದ್ದೀರಾ?" ಇಲ್ಲ ಎಂದೆ. ಸಭೆ ಚಪ್ಪಾಳೆ ತಟ್ಟಿತು.

ನನ್ನ ಬಳಿ ಅದಕ್ಕಿಂತ ಬಲವಾದ ಉತ್ತರವಿತ್ತು, ಕೊಡಲಾಗಲಿಲ್ಲ. ಬಸವಣ್ಣನ ಕಿವಿಯಲ್ಲಿ ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಅವ್ವ ಕೇಳಿಸಿಕೊಂಡಳು, ನಾನು ಬೇಡಿದ್ದನ್ನು ಕೊಟ್ಟಳು. ಅದರಿಂದಲೇ ಹೋದಳು. ಇದನ್ನು ಯಾವ ಪಕ್ಷದ ವಾದಕ್ಕೆ ಸೇರಿಸಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೇವಿನ ಮರ ಇನ್ನೂ ಇದೆ, ಜೋಕಾಲಿ ಕಟ್ಟುವವರಿಲ್ಲ. ಉಂಡಿಯನ್ನು ಅಂಗಡಿಯಿಂದ ತರುತ್ತೇವೆ. ಅದರಲ್ಲಿ ಪಾಕ ಸರಿಯಾಗಿ ಬಂದಿರುವುದಿಲ್ಲ, ಮುರಿದರೆ ಪುಡಿಯಾಗುತ್ತದೆ. ಆಯಿಯೂ ಹೋದಳು, ನನ್ನನ್ನು ಸೋಲಿಸುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಕಳೆದ ಪಂಚಮಿಗೆ ಊರಿಗೆ ಹೋದಾಗ ಅಪ್ಪ ಎಂದಿನಂತೆ ಕಟ್ಟೆಯ ಮೇಲೆ ಕೂತು, ಎಂದಿನ ಮಾತೇ ಹೇಳಿದ.

"ನಾ ಅಂತೂ ನಿಮ್ಮವ್ವನ್ನ ಒಯ್ಯಾಕ ತಯಾರಿದ್ದೆ. ಬಸವಣ್ಣ ಎಡಕ್ಕ ಕೊಟ್ಟ. ಅವನ ಮನಸಿನ್ಯಾಗ ಇರಲಿಲ್ಲ, ನಾವೇನ ಮಾಡೂದೈತಿ? ಹೌದಿಲ್ಲೋ?"

ಈ ಮಾತನ್ನು ಕೆಡವಲು ನನಗೆ ಒಂದು ನಿಮಿಷವೂ ಬೇಡ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಹೌದಪ್ಪಾ," ಎಂದೆ.