ಒಲೆ ಹಚ್ಚದ ದಿನದ ಮಾತ್ರೆ

ಆ ಬೆಳಿಗ್ಗೆ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಗಣಿ ಕೆಲಸಗಾರರ ನಮ್ಮ ಲೈನಿನಲ್ಲಿ ಯಾರ ಮನೆಯ ಒಲೆಯೂ ಹತ್ತಲಿಲ್ಲ. ಪಕ್ಕದ ಮನೆಯ ಮುದುಕರು ತೀರಿಕೊಂಡಿದ್ದರು. ಹೆಣ ಎತ್ತುವವರೆಗೆ ಸಾಲುಮನೆಗಳಲ್ಲಿ ಯಾರೂ ಬೇಯಿಸುವಂತಿರಲಿಲ್ಲ. ಕನ್ನಡ, ತಮಿಳು, ತೆಲುಗು ಮನೆಗಳೆಲ್ಲ ಇದನ್ನು ಪಾಲಿಸುತ್ತಿದ್ದವು. ಮುದುಕರ ಮಗ ಬಂಗಾರಪೇಟೆಯಿಂದ ರೈಲಿನಲ್ಲಿ ಬರಬೇಕಿತ್ತು. ಕಾದೆವು.

ನನ್ನ ಅಣ್ಣ ಗಣಿಯೊಳಗೆ ಇಳಿಯುತ್ತಿದ್ದವನು. ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ, ಆಗಷ್ಟೇ ಬಳಕೆಗೆ ಬಂದಿದ್ದ ಮಾತ್ರೆ ಶುರು ಮಾಡಿದ್ದರು. ಮುಖ ತೊಳೆದು ಮಾತ್ರೆ ನುಂಗುವುದು, ಆಮೇಲೆ ಮುದ್ದೆಗೆ ಕೂರುವುದು. ಅವತ್ತೂ ನುಂಗಿದ. ಮುದ್ದೆ ಇರಲಿಲ್ಲ.

ನಾನು ಕಾಲೇಜು ಮುಗಿಸಿದ್ದೆ, ಮೇದೋಜೀರಕದ ಚಿತ್ರ ಬರೆಯಬಲ್ಲವನಾಗಿದ್ದೆ. ಉಳಿದದ್ದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದದ್ದು. ಉಂಡಾಗ ರಕ್ತದಲ್ಲಿ ಏರುವ ಸಕ್ಕರೆ ಮೇದೋಜೀರಕದ ಬೀಟಾ ಕೋಶದೊಳಗೆ ಹೋಗಿ ಉರಿದು ಶಕ್ತಿಯಾಗುತ್ತದೆ. ಆಗ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಬಾಗಿಲುಗಳು ಮುಚ್ಚಿ, ಕ್ಯಾಲ್ಸಿಯಂ ಬಾಗಿಲುಗಳು ತೆರೆದುಕೊಳ್ಳುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ, ಕೂಡಿಟ್ಟ ಇನ್ಸುಲಿನ್ನನ್ನು ಹೊರಕ್ಕೆ ತಳ್ಳುತ್ತದೆ. ಸಕ್ಕರೆ ಇಳಿದರೆ ಎಲ್ಲ ನಿಲ್ಲುತ್ತದೆ. ಅಣ್ಣನ ಮಾತ್ರೆಗೆ ಸಕ್ಕರೆಯ ಅಪ್ಪಣೆ ಬೇಕಿರಲಿಲ್ಲ. ಆ ಮೊದಲ ಬಾಗಿಲನ್ನು ಅದೇ ಮುಚ್ಚುತ್ತಿತ್ತು. ಇವನು ಉಂಡಿದ್ದಾನೆಂದೇ ಕೋಶಕ್ಕೆ ಸುದ್ದಿ. ಖಾಲಿ ಹೊಟ್ಟೆಯವನ ರಕ್ತಕ್ಕೆ ಇನ್ಸುಲಿನ್ ಸುರಿಯುತ್ತಲೇ ಇತ್ತು, ಇದ್ದಬದ್ದ ಸಕ್ಕರೆಯೂ ಇಳಿಯುತ್ತಲೇ ಇತ್ತು.

ಮಗ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಣ್ಣ ಚಟ್ಟಕ್ಕೆ ಹೆಗಲು ಕೊಟ್ಟ. ಸ್ಮಶಾನದಲ್ಲಿ ಹೆಣ ಇಳಿಸುವಷ್ಟರಲ್ಲಿ ಅವನ ಅಂಗಿ ಹಿಂಡುವಂತಾಗಿತ್ತು, ಕೈ ನಡುಗುತ್ತಿತ್ತು.

"ಏನ್ಲಾ, ಈ ಬಿಸ್ಲಿಗೇ ಇಂಗಾದ್ರೆ ಒಳ್ಗಡೆ ಎಂಗ್ಲಾ ಇಳೀತೀಯ?" ಎಂದ ಅವನ ಜೊತೆ ಕೆಲಸ ಮಾಡುವವನು.

"ಬೆಳಿಗ್ಗೇನೇ ಆಕವ್ನೆ ಬುಡು," ಎಂದ ಇನ್ನೊಬ್ಬ.

ಅಣ್ಣ ನನ್ನತ್ತ ತಿರುಗಿ, "ನೀನ್ಯಾವನ್ಲಾ?" ಅಂದ. ಎಲ್ಲರೂ ನಕ್ಕರು. ಆಮೇಲೆ ಅವನು ಕುಸಿದ.

ಗಣಿಯ ಸೆಕೆಯಲ್ಲಿ ಬೆವರಿ ಬಿದ್ದವರಿಗೆ ಉಪ್ಪುನೀರು ಕುಡಿಸುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಎಷ್ಟೋ ಜನ ಅದರಿಂದ ಚೇತರಿಸಿಕೊಂಡಿದ್ದರು. ಜೊತೆಗಾರನೇ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬಾಯ್ ಬುಡು ರಾಜಾ, ಇನ್ನೊಂದು ಗುಟ್ಕು," ಎಂದು ಉಪ್ಪು ಕದಡಿದ ನೀರು ಹನಿಸಿದ. ನೆರಳಿಗೆ ಎಳೆದು ಗಾಳಿ ಬೀಸಿದರು. ತಣ್ಣಗಾಗಲಿ ಎಂದು ಕಾದರು. ಆ ಕಾದ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ. ಈಗಲೂ ಬಸ್ಸಿನಲ್ಲಿ ಯಾರ ಕುತ್ತಿಗೆಯ ಮೇಲೆ ಬೆವರು ಕಂಡರೂ, ಇವರು ಉಂಡಿದ್ದಾರೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತದೆ.

ಮೈ ಸೆಟೆದು ಕೈಕಾಲು ಅದುರತೊಡಗಿದಾಗಲೇ ಆಸ್ಪತ್ರೆಯ ಮಾತು ಬಂತು. ಖಾಲಿ ಚಟ್ಟದ ಮೇಲೆ ಮಲಗಿಸಲು ಯಾರಿಗೂ ಮನಸ್ಸಾಗಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡೇ ಓಡಿದೆವು. ಡಾಕ್ಟರು ನರಕ್ಕೆ ಗ್ಲೂಕೋಸ್ ಏರಿಸಿದರು. ಕಣ್ಣು ಬಿಟ್ಟ. ಸುದ್ದಿ ಕೇಳಿ ಓಡಿಬಂದಿದ್ದ ಅತ್ತಿಗೆ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು.

ಆದರೆ ಬಹಳ ಹೊತ್ತು ಮಿದುಳಿಗೆ ಸಕ್ಕರೆ ಸಿಕ್ಕಿರಲಿಲ್ಲ. ನಡೆಯುತ್ತಿದ್ದ, ನಗುತ್ತಿದ್ದ. ಮದುವೆಯಿಂದ ಈಚಿನ ಯಾವ ನೆನಪೂ ಅವನಲ್ಲಿ ಉಳಿದಿರಲಿಲ್ಲ. ಅತ್ತಿಗೆ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಒಂದು ಮಧ್ಯಾಹ್ನ ಅವನು ಮರ್ಯಾದೆಯಿಂದ, "ಅಕ್ಕಾ, ನಿಮ್ದು ಯಾವೂರು?" ಎಂದು ಕೇಳಿದ.

"ಬೇತಮಂಗ್ಲ."

"ಅಲ್ಲೇ ನಂಗೂ ಎಣ್ಣು ನೋಡವ್ರೆ," ಎಂದು ನಾಚಿಕೊಂಡ.

ಅತ್ತಿಗೆಯ ಕೈ ತುತ್ತಿನೊಂದಿಗೆ ಅರ್ಧಕ್ಕೇ ನಿಂತಿತು. ಆ ತುತ್ತನ್ನು ಅವನ ಬಾಯಿಗಿಟ್ಟು ಕೇಳಿದಳು: "ಎಂಗವ್ಳೆ ಉಡ್ಗಿ?"