ಪದ್ದಕ್ಕನ ಕೆಂಡದಡ್ಯೆ, ಸರಸಕ್ಕನ ಸಿಟ್ಟು

ಬೆಳಗಿನ ಐದೂವರೆ. ಹೆಮ್ಮಾಡಿಯ ಹೊಳೆಬದಿಯ ಓಣಿಯಲ್ಲಿ ಇನ್ನೂ ಕತ್ತಲು. ತಗಡಿನ ಚಪ್ಪರದ ಕೆಳಗೆ ಪದ್ದಕ್ಕ ಕುಕ್ಕರಗಾಲಲ್ಲಿ ಕೂತು ತೆಂಗಿನ ಗೆರಟೆ ಉರಿಸುತ್ತಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದ ನನ್ನನ್ನು ಕಂಡದ್ದೇ ಇಕ್ಕಳ ಅಡ್ಡ ಹಿಡಿದು ನಿಲ್ಲಿಸುತ್ತಾರೆ.

"ಹ್ವಾಯ್, ಅಲ್ಲೇ ನಿಲ್ಲಿ. ನಿನ್ನಿ ರಾತ್ರಿ ಎಂತ ಉಂಡ್ರಿ?"

ಬಂಗುಡೆ ಎಂದು ನಿಜ ಹೇಳಿ ಕೆಟ್ಟೆ. ಮೀನು ತಿಂದವರಿಗೆ ಈ ಚಪ್ಪರದೊಳಗೆ ಜಾಗವಿಲ್ಲ. ಮೂವತ್ತು ವರ್ಷ ಮೀನು ಮಾರಿದ ಹೆಂಗಸು ನನಗೆ ಮಡಿ ಹೇಳುವುದೇ ಎಂದು ಒಳಗೊಳಗೇ ಉರಿಯುತ್ತದೆ. ಆದರೂ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತೇನೆ.

ಪದ್ದಕ್ಕ ಮಾಡುವುದು ಕೆಂಡದಡ್ಯೆ. ಊರಿಗೆ ಓವನ್ನು ಬರುವ ಎಷ್ಟೋ ಮೊದಲಿನ ನಮ್ಮ ಕೇಕು. ತರಿಯಾಗಿ ರುಬ್ಬಿದ ಅಕ್ಕಿ, ತುರಿದ ಸೌತೆಕಾಯಿ, ಬೆಲ್ಲ, ಕಾಯಿತುರಿ, ಏಲಕ್ಕಿ. ಬಾಳೆಲೆ ಹಾಸಿದ ದಪ್ಪ ಪಾತ್ರೆಗೆ ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಒಂದೂವರೆ ಗಂಟೆ ಬೇಯಬೇಕು. ಕೆಂಡದಲ್ಲಿ ಏನು ಉರಿದಿದೆಯೋ ಅದರ ವಾಸನೆಯನ್ನೆಲ್ಲ ಅಡ್ಯೆ ಕುಡಿಯುತ್ತದೆ.

ಐವತ್ತೆಂಟರ ಪದ್ದಕ್ಕ ವಾರಕ್ಕೆ ಐದು ದಿನ ಕುಂದಾಪುರದಲ್ಲಿ ಮೀನು ಮಾರುತ್ತಾರೆ. ಶನಿವಾರ, ಭಾನುವಾರ ಅಡ್ಯೆ. ಬೆಳಿಗ್ಗೆಗೆ ನಾಲ್ಕು ಪಾತ್ರೆ, ಪಾತ್ರೆಗೆ ಮೂವತ್ತು ತುಂಡು. ನೆಂಟರು ಬರುವ ಮನೆಯವರು ಗುಲ್ವಾಡಿಯಿಂದ, ಬ್ರಹ್ಮಾವರದಿಂದ ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಬೆರಳ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿವೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುವುದೇ ಇಲ್ಲ. ಶುಕ್ರವಾರ ಸಂಜೆಯಿಂದ ಮನೆಯೊಳಗೆ ಮೀನು ಬರುವಂತಿಲ್ಲ. ಬೋಟಿನಿಂದ ಬಂದ ಗಂಡ ಕುಷ್ಟ ಗೊಣಗುತ್ತಾ ಹೋಟೆಲಿಗೆ ಹೋಗಿ ಮೀನೂಟ ಮಾಡುತ್ತಾರಂತೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂದು ಕೇಳಿದರೆ, ಕೆಂಡ ಕೆದಕುತ್ತಾ ಹೇಳುತ್ತಾರೆ.

ಒಂಬತ್ತು ವರ್ಷದ ಹಿಂದಿನ ಮಾತು. ಯಡ್ತರೆಯಲ್ಲಿರುವ ತಂಗಿ ಸರಸಳ ಮಗಳು ದಿವ್ಯಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ಸೋದರಮಾವ ಅಯ್ಯಪ್ಪನ ಮಾಲೆ ಹಾಕಿ ವ್ರತದಲ್ಲಿದ್ದಾರೆಂದು ಪದ್ದಕ್ಕ ಹೊಸ ಪಾತ್ರೆ ತಂದು, ತಲೆಗೆ ಮಿಂದು ಅಡ್ಯೆ ಇಟ್ಟರು. ಮೇಲಿನ ಕೆಂಡ ಸಾಲಲಿಲ್ಲ, ಬಸ್ಸಿಗೆ ಹೊತ್ತಾಗುತ್ತಿತ್ತು. ಪಕ್ಕದ ಒಲೆಯಿಂದ ಒಂದು ಸಟ್ಟುಗ ಕೆಂಡ ಮೊಗೆದು ಮುಚ್ಚಳಕ್ಕೆ ಸುರಿದರು. ಆ ಒಲೆಯಲ್ಲಿ ಆಗಷ್ಟೇ ಕುಷ್ಟ ಒಣಸಿಗಡಿ ಸುಟ್ಟುಕೊಂಡಿದ್ದರು.

"ನಾನ್ ಮೀನ್ ವಾಸ್ನಿಯೊಳ್ಗೇ ಹುಟ್ಟಿದವ್ಳ್. ಅದೊಂದ್ ವಾಸ್ನಿ ಅಂತ್ಲೇ ನಂಗ್ ಗೊತ್ತಾಯ್ಲಿಲ್ಲ."

ಮಾಲೆ ಹಾಕಿದ ಮಾವನಿಗೆ ಗೊತ್ತಾಯಿತು. ತುಂಡು ಬಾಯಿಯ ಹತ್ತಿರ ಹೋದದ್ದೇ ಎದ್ದರು, ಅವರ ಹಿಂದೆ ಎಲ್ಲರೂ ಎದ್ದರು. ಸಂಬಂಧ ಅಲ್ಲಿಗೇ ಮುರಿಯಿತು. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದು ಸರಸ ಅಕ್ಕನಿಗೆ ಎಲ್ಲರ ಎದುರೇ ಹೇಳಿದರು. ಮರುವರ್ಷ ದಿವ್ಯಾಳಿಗೆ ರತೀಶ ಎಂಬ ಒಳ್ಳೆಯ ಹುಡುಗ ಸಿಕ್ಕಿ ಮದುವೆಯಾಯಿತು. ದೊಡ್ಡಮ್ಮನಿಗೆ ಕರೆ ಬರಲಿಲ್ಲ.

"ಧಾರಿ ಹೊತ್ತಿಗ್ ನಾನ್ ಮಾರ್ಕೆಟಂಗ್ ಕೂಕಂಡ್ ಬೈಗಿ ಮೀನ್ ಮಾರ್ತಾ ಇದ್ದೆ," ಎನ್ನುತ್ತಾರೆ ಪದ್ದಕ್ಕ.

ಇವತ್ತಿನ ನಾಲ್ಕು ಪಾತ್ರೆಗಳಲ್ಲಿ ಒಂದು ದಿವ್ಯಾಳದು. ಎಂಟು ವರ್ಷ ಕಾದ ಮೇಲೆ ಮಗು ಹುಟ್ಟಿದೆ. ಮಧ್ಯಾಹ್ನ ಯಡ್ತರೆಯ ತಾಯಿಮನೆಯಲ್ಲಿ ನಾಮಕರಣ. ನೆಂಟರಿಗೆ ದೊಡ್ಡಮ್ಮನ ಅಡ್ಯೆಯನ್ನೇ ಹಂಚಬೇಕು ಅಂತ ಅಮ್ಮನಿಗೆ ತಿಳಿಯದಂತೆ ಫೋನು ಮಾಡಿದ್ದಳಂತೆ. ಏಳೂವರೆಗೆ ರತೀಶ ಬರುತ್ತಾನೆ. ಪಾತ್ರೆಯನ್ನು ಕಾರಿನಲ್ಲಿಟ್ಟು, ನೀವೂ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಎರಡೆರಡು ಸಲ ಹೇಳುತ್ತಾನೆ. ಪದ್ದಕ್ಕ ಒಲ್ಲೆನೆಂದು ತಲೆಯಾಡಿಸುತ್ತಾರೆ. ಮೆಟ್ಟಿಲು ಹತ್ತಬೇಡ ಎಂದ ಬಾಯಿಯೇ ಕರೆಯದೆ, ಅಳಿಯ ಕರೆದನೆಂದು ಹೋಗುವುದು ಅವರಿಗೆ ಸರಿಬರುವುದಿಲ್ಲ. ಆದರೆ ಕಾರು ಹೈವೇಗೆ ತಿರುಗುವವರೆಗೂ ಓಣಿಯಲ್ಲೇ ನಿಂತಿರುತ್ತಾರೆ.

"ಊರಿನ್ ನೆಂಟ್ರಿಗೆಲ್ಲ ಮಾಡ್ತೆ," ವಾಪಸು ಬಂದು ಹೇಳುತ್ತಾರೆ. "ನನ್ ಮನಿಗ್ ನೆಂಟ್ರ್ ಅಂತ ಬಪ್ಪುದ್ ಸರಸ ಒಬ್ಳೇ ಇದ್ದದ್."

ಪತ್ರಿಕೆಯಲ್ಲಿ ಬಂದರೆ ದಿವ್ಯಾಳ ಗುಟ್ಟು ಬಯಲಾಗುತ್ತದಲ್ಲ, ಈ ಭಾಗ ಬಿಟ್ಟುಬಿಡಲೇ ಎಂದು ಕೇಳುತ್ತೇನೆ. ಬೇರೆಯವರಾದರೆ ಬಿಡಿ ಎನ್ನುತ್ತಿದ್ದರು. ಪದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ.

"ಬರೀನಿ. ಸರಸ ಆಯ್ತವಾರದ್ ಪೇಪರ್ ಪೂರಾ ಓದ್ತ್ಳ್. ಸಿಟ್ಟ್ ಬಿಟ್ಟ್ ಬಾ ಅಂತ ಬರೂದ್ ಬೇಡ. ಸಿಟ್ಟ್ ಹಿಡ್ಕಂಡೇ ಬರ್ಲಿ. ನನ್ ಎದ್ರಿಗ್ ಕೂಕಂಡ್ ಹೊಟ್ಟಿ ತುಂಬ ಬೈಲಿ. ಒಂಬತ್ ವರ್ಷ ಆಯ್ತ್, 'ಅಕ್ಕಾ' ಅಂದ್ಕಂಡ್ ನನ್ನ ಬೈವರ್ ಯಾರೂ ಇಲ್ಲ."