ಹೊಸಬರಿಗಷ್ಟೇ ಕೇಳುವ ದನಿ

ಗಂಜಾಂನ ಜಾಸ್ಮಿನ್‌ಗೆ ಮನೆಯಲ್ಲೇ ಕೂತು ಮಾಡುವ ಕೆಲಸ. ಮೈಸೂರಿನ ಒಂದು ಸಣ್ಣ ಕಂಪನಿ ಕಣ್ಣು ಮಂಜಾದವರಿಗಾಗಿ ಎಕ್ಸ್‌ಟೆನ್ಶನ್ ಮಾಡಿತ್ತು. ಬ್ರೌಸರಿಗೆ ಸೇರಿಸಿಕೊಂಡರೆ ತೆರೆಯ ಮೇಲಿನ ಕನ್ನಡವನ್ನೆಲ್ಲ ಅದು ಓದಿ ಹೇಳುತ್ತದೆ. ಹೊಸದಾಗಿ ಹಾಕಿಕೊಂಡವರಿಗೆ ಯಾವ ಗುಂಡಿ ಯಾತಕ್ಕೆ ಎಂದು ಕೈಹಿಡಿದು ತೋರಿಸುವ ಸ್ವಾಗತದ ಟೂರನ್ನು ರೂಪಿಸುವುದು ಅವಳ ಪಾಲಿಗೆ ಬಂತು.

ಮಾದರಿಗಾಗಿ ಅವಳು ದೂರ ಹುಡುಕಲಿಲ್ಲ. ಅಪ್ಪ ವಜೀರ್ ಪಾಷಾ ಟಾಂಗಾ ಓಡಿಸುತ್ತಿದ್ದ ಕಾಲದಲ್ಲಿ, ಕೋಟೆ ನೋಡಲು ಬಂದವರನ್ನು ಮನೆಗೂ ಕರೆತಂದುಬಿಡುತ್ತಿದ್ದ. ಅಮ್ಮಿ ಮುಮ್ತಾಜ್ ಗುರುತಿಲ್ಲದವರನ್ನೂ ಕೂರಿಸಿ, ನೀರು ಕೊಟ್ಟು, ಅವರು ಲೋಟ ಕೆಳಗಿಡುವವರೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಟೂರೂ ಹಾಗೇ ಇರಲಿ ಎಂದು ಜಾಸ್ಮಿನ್ ಅಮ್ಮಿಯ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದಳು. "ಬನ್ನಿ, ಕೂತ್ಕಳಿ. ಅವಸ್ರ ಏನಿಲ್ಲ. ಎಂಟರ್ ಒತ್ತಿ, ಆಮೇಲೆ ಮುಂದಿಂದು ಹೇಳ್ತೀನಿ." ಒತ್ತುವವರೆಗೆ ದನಿ ಕಾಯುತ್ತದೆ. ಕೊನೆಗೆ, "ಆಯ್ತು, ಹೋಗ್ಬನ್ನಿ." ಮನೆಗೆ ಬಂದವರನ್ನು ದಿನಾ ಹೊಸಬರೆಂದು ಕರೆಯುವುದುಂಟೇ ಎಂದುಕೊಂಡು, ಟೂರನ್ನು ಎರಡನೇ ಸಲ ಕೇಳಲು ದಾರಿಯನ್ನೇ ಇಡಲಿಲ್ಲ. ಆಗ ಅದು ಜಾಣತನ ಅನ್ನಿಸಿತ್ತು.

ಆ ವರ್ಷವೇ ಮುಮ್ತಾಜಳ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದುಬಿಟ್ಟರು. ಅಷ್ಟರಲ್ಲಿ ವಜೀರ್ ಪಾಷಾನ ಕಣ್ಣಿನ ನರ ಒಣಗಿ ಅವನಿಗೆ ಎಲ್ಲ ಕತ್ತಲೆ. ಅವಳು ತುಟಿಯಾಡಿಸುತ್ತಾಳೆ, ಕೈಸನ್ನೆ ಮಾಡುತ್ತಾಳೆ. ಅವನಿಗೆ ಎರಡೂ ಕಾಣದು. ಒಂದೇ ಸೂರಿನಡಿ ಗಂಡಹೆಂಡಿರ ನಡುವೆ ಮಾತು ನಿಂತೇಹೋಯಿತು. ಯಾರ ಹಣೆಬರಹವೂ ಇಷ್ಟು ಕೆಟ್ಟದಾಗಿರಬಾರದು.

ಪೇಪರ್ ಓದಿಸಿಕೊಳ್ಳಲಿ ಎಂದು ಜಾಸ್ಮಿನ್ ಅಪ್ಪನ ಕಂಪ್ಯೂಟರಿಗೆ ಆ ಎಕ್ಸ್‌ಟೆನ್ಶನ್ ಹಾಕಿಕೊಟ್ಟಳು. ಟೂರು ಮುಗಿಯುವಾಗ ಅವನ ಗಡ್ಡ ಒದ್ದೆಯಾಗಿತ್ತು.

"ಬೇಟಿ, ಇನ್ನೊಂದ್ಸಲ ಮಾತಾಡ್ಸು."

ಎಕ್ಸ್‌ಟೆನ್ಶನ್ನನ್ನು ತೆಗೆದುಹಾಕಿ ಮತ್ತೆ ಸೇರಿಸಿದರಷ್ಟೇ ಅದು ಮಾತಾಡೀತು. ಅಂದಿನಿಂದ ದಿನಾ ಬೆಳಿಗ್ಗೆ ಅವಳಿಗೆ ಅದೇ ಕೆಲಸ. ದನಿಯನ್ನಷ್ಟೇ ಮೊಬೈಲಿಗೆ ಹಾಕಿಕೊಟ್ಟು ನೋಡಿದಳು. ಅವನು ಪಕ್ಕಕ್ಕೆ ತಳ್ಳಿದ.

"ಇದು ಸುಮ್ನೆ ಒದರ್ತದೆ ಕಣಮ್ಮ. ಅದ್ರಲ್ಲಾದ್ರೆ ನಾನು ಒತ್ತೋಗಂಟ ಕಾಯ್ತಾಳೆ."

ಕಾಯುವವಳು ಅಡುಗೆಮನೆ ಬಾಗಿಲಲ್ಲೂ ಒಬ್ಬಳಿದ್ದಳು. ತನ್ನದೇ ದನಿ ಗಂಡನನ್ನು ಉಪಚರಿಸುವುದನ್ನು ಮುಮ್ತಾಜ್ ದಿನಾ ನಿಂತು ಕೇಳುತ್ತಿದ್ದಳು. ಅವಳು ತಂದಿಟ್ಟ ಚಹಾ ಅವನ ಮೊಣಕೈ ಪಕ್ಕದಲ್ಲೇ ಆರಿಹೋಗುತ್ತಿತ್ತು. ತಂದದ್ದು ಯಾರೆಂದೂ ಆ ಮನುಷ್ಯ ಕೇಳುತ್ತಿರಲಿಲ್ಲ. ಜಾಸ್ಮಿನ್‌ಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು, ಆದರೂ ಮರುದಿನ ಬೆಳಿಗ್ಗೆ ಮತ್ತೆ ಸೇರಿಸಿಕೊಡುತ್ತಿದ್ದಳು.

ಒಂದು ದಿನ ಕಂಪನಿಯ ಸಿದ್ಧಾರ್ಥ ಫೋನ್ ಮಾಡಿದ. "ಮೇಡಂ, ಟೂರು ಉದ್ದ ಆಯ್ತು ಅಂತಾವ್ರೆ ಪಾಂಡವಪುರದ ಕಡೆ ಹಾಕ್ಕಂಡಿರೋರು. ಚಿಕ್ಕದು ಮಾಡಿ, ಕಂಪ್ಯೂಟರ್ ದನೀನೇ ಹಾಕ್ಬುಡಿ."

ವಿಧಿಯಿಲ್ಲದೆ ಹಾಕಿದಳು. ಅಪ್ಪನ ಕಂಪ್ಯೂಟರಿನಲ್ಲಾದರೂ ಹಳೆಯದನ್ನೇ ಉಳಿಸೋಣ ಎಂದು ಅಮ್ಮಿಗೆ ಹೇಳಿದಳು. ಮುಮ್ತಾಜ್ ಅಡ್ಡಡ್ಡ ತಲೆಯಾಡಿಸಿದಳು. ಅವಳ ತುಟಿ ಓದುವುದು ಮಗಳಿಗೆ ಈಗ ರೂಢಿ.

"ಬ್ಯಾಡ. ನಾನಿನ್ನೂ ಬದುಕಿವ್ನಿ."

ಮರುದಿನ ಬೆಳಿಗ್ಗೆ ಹೊಸ ದನಿ ಬಂತು. "ಸ್ವಾಗತ. ಮುಂದುವರಿಯಲು ಎಂಟರ್ ಒತ್ತಿ."

ವಜೀರ್ ಪಾಷಾ ಬೆಚ್ಚಿಬಿದ್ದ. "ಇದ್ಯಾರು? ಮುಮ್ತಾಜ್ ಎಲ್ಲೋದ್ಲು?"

ಮುಮ್ತಾಜ್ ಬಂದು ಅವನ ಪಕ್ಕ ಕೂತಳು. ಅವನ ಬಲಗೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಬೆರಳುಗಳು ಕೆನ್ನೆ ಸವರಿ ಕೆಳಗಿಳಿದು, ಆಪರೇಷನ್ ಆದ ಕತ್ತಿನ ತೂತಿನ ಅಂಚಿಗೆ ಬಂದು ನಿಂತವು. ಅಲ್ಲಿ ಅವಳ ಬಿಸಿಯುಸಿರು ತಾಗಿತು. ಅವನು ಕೈ ಎಳೆದುಕೊಂಡ. ಮೇಜಿನ ಮೇಲೆ ತಡಕಾಡಿ ಎಂಟರ್ ಹುಡುಕಿ ಒತ್ತಿದ, ಮತ್ತೂ ಒತ್ತಿದ.

"ಮುಮ್ತಾಜ್, ಒಂದ್ ಮಾತಾಡು" ಎಂದು ಕಂಪ್ಯೂಟರಿಗೆ ಹೇಳಿದ.